ನಡೆದದ್ದು ಹೌದೋ ಅಲ್ಲವೋ, ಅಷ್ಟು ಹೇಳಿ: ಗೃಹ ಸಚಿವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಪೊಲೀಸರ ಮತ್ತು ಸರ್ಕಾರದ ಮೇಲೆ ಹಾಕಿದ ಪರಿಹಾರದ ದಾವೆಗೆ ಸರ್ಕಾರ ಉತ್ತರ ಕೊಡದಿರುವ ಬಗ್ಗೆ.

ಮಾನ್ಯರೇ,

ನನ್ನ ಅಪ್ಪ ಮತ್ತು ತಮ್ಮ ಕರ್ನಾಟಕ ಸರ್ಕಾರದ ಮೇಲೆ ಒಂದು ಸಿವಿಲ್ ದಾವೆ ಹಾಕಿದ್ದಾರೆ. ಮೊದಲನೇ ಪ್ರತಿವಾದಿ ರಾಜ್ಯ ಸರ್ಕಾರ. ಆಮೇಲೆ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ, ಆಗಿನ ಪಿಎಸ್‌ಐ ಮತ್ತು ಒಬ್ಬ ಹೆಡ್ ಕಾನ್‌ಸ್ಟೇಬಲ್. ಕೇಳಿರುವುದು ಎರಡೇ. ದಾಖಲೆಯಲ್ಲೇ ಇಲ್ಲದ ಬಂಧನಕ್ಕೆ ಪರಿಹಾರ, ಠಾಣೆಯಲ್ಲಿ ಕೊಳೆತುಹೋದ ನಮ್ಮ ತೊಗರಿಯ ಬೆಲೆ.

ತೀರ್ಪು ಕೊಡಬೇಕಾದದ್ದು ಕೋರ್ಟು. ಅದನ್ನು ನಿಮ್ಮಿಂದ ಕೇಳುತ್ತಿಲ್ಲ. ಠಾಣೆಯ ಹೆಸರನ್ನಾಗಲಿ ಅಧಿಕಾರಿಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದೂ ಇಲ್ಲ. ಅವೆಲ್ಲ ದಾವೆಯಲ್ಲಿವೆ, ನಿಮ್ಮ ಇಲಾಖೆಯ ಕಡತದಲ್ಲೂ ಇವೆ. ನಾನು ನಿಮ್ಮಿಂದ ಕೇಳುತ್ತಿರುವುದು ಬೇರೆ. ನಾವು ಹೇಳಿದ್ದು ನಡೆಯಿತೋ ಇಲ್ಲವೋ ಎಂದು ಸರ್ಕಾರ ಈವರೆಗೆ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಅದನ್ನು ಹೇಳಿಸಿ.

ನಡೆದದ್ದನ್ನು ಹೇಳುತ್ತೇನೆ. ನಮ್ಮದು ಭೀಮಾ ದಂಡೆಯ ಹಳ್ಳಿ. 2022ರ ಜನವರಿಯಲ್ಲಿ ತೊಗರಿ ರಾಶಿ ಮುಗಿದಿತ್ತು. ಬೆಳಗಿನ ಟೆಂಡರಿಗೆ ಮಾಲು ಇಡಬೇಕೆಂದರೆ ರಾತ್ರಿಯೇ ಕಲಬುರಗಿ ಗಂಜ್ (ಎಪಿಎಂಸಿ ಮಾರುಕಟ್ಟೆ) ಕಡೆ ಹೊರಡಬೇಕು. ಸುತ್ತಲಿನ ರೈತರೆಲ್ಲ ಮಾಡುವುದು ಹಾಗೇ. ತಮ್ಮ ಬಾಡಿಗೆ ಟೆಂಪೊದಲ್ಲಿ ನಲವತ್ತು ಚೀಲ ಹಾಕಿಕೊಂಡು ಹೊರಟ. ದಾರಿಯಲ್ಲಿ ಪೊಲೀಸರು ತಡೆದರು. ಆ ವಾರ ಬೇರೆ ಊರಿನ ಗೋದಾಮೊಂದರಿಂದ ತೊಗರಿ ಕಳುವಾಗಿತ್ತಂತೆ. ಹಾಗಿರುವಾಗ ರಾತ್ರಿ ಗಾಡಿ ನಿಲ್ಲಿಸಿ ಕೇಳಿದ್ದು ತಪ್ಪಲ್ಲ. ಕಳ್ಳತನ ನಮಗೂ ಬೇಡ.

"ಮಾಲಿನ ರಸೀದಿ ತೋರ್ಸು" ಅಂದರು. ನಮ್ಮ ಹೊಲದಲ್ಲಿ ಬೆಳೆದ ತೊಗರಿಗೆ ರಸೀದಿ ಎಲ್ಲಿಂದ ಬರುತ್ತದೆ ಸಾರ್? ರಸೀದಿ ಸಿಗುವುದು ಗಂಜ್‌ನಲ್ಲಿ ತೂಕವಾಗಿ ಮಾರಾಟ ಆದಮೇಲೆ. ರೈತನ ಹತ್ತಿರ ಇರುವುದು ಪಹಣಿ. ಪಹಣಿಯಲ್ಲಿ ಬೆಳೆಯ ಕಾಲಂ ಇದೆ, ಅದರಲ್ಲಿ ತೊಗರಿ ಎಂದು ಬರೆದಿದೆ. ಮಾರನೇ ಬೆಳಿಗ್ಗೆ ಅಪ್ಪ ಅದನ್ನು ತೆಗೆದುಕೊಂಡು ಠಾಣೆಗೆ ಹೋದರು. ಮೇಜಿನ ಮೇಲೆ ಇಟ್ಟರು. ಯಾರೂ ತೆರೆದು ನೋಡಲಿಲ್ಲ.

ನಾನು ಕಲಬುರಗಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಸುದ್ದಿ ತಿಳಿದು ಅಂದು ಸಂಜೆ ಹೋದೆ. ತಮ್ಮ ಒಳಗಿನ ಕೋಣೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಯಾವ ಕೇಸು, ಅರೆಸ್ಟ್ ಆಗಿದೆಯಾ, ಕೋರ್ಟಿಗೆ ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದೆ. "ಅರೆಸ್ಟ್ ಏನಿಲ್ರಿ ಮೇಡಂ, ವಿಚಾರಣೆ ನಡೆದದ. ನಾಳಿ ಬರ್ರಿ" ಅಂದರು. ಅವನು ಆ ಠಾಣೆಯಲ್ಲಿ ಎರಡು ರಾತ್ರಿ ಕಳೆದ. ಮೂರನೇ ದಿನ ಬೆಳಿಗ್ಗೆ ಬಿಟ್ಟರು. ಬಂಧಿಸಿದ್ದಕ್ಕೆ ಮೆಮೊ ಇಲ್ಲ, ಬಿಟ್ಟಿದ್ದಕ್ಕೂ ಕಾಗದ ಇಲ್ಲ.

ಮನೆಗೆ ಬಂದ ದಿನ ಅವ್ವ ಊಟಕ್ಕೆ ಬಡಿಸಿದಳು. ಅವನ ಎರಡೂ ಅಂಗೈ ಬಾತಿದ್ದವು. ಜೋಳದ ರೊಟ್ಟಿ ಮುರಿಯಲು ಆಗಲಿಲ್ಲ. ಅವ್ವ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟಳು. ಅದೇ ದಿನ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿದ ಚೀಟಿ ನಮ್ಮ ಹತ್ತಿರ ಇದೆ. ಒಂದು ಮಾತು ಇಲ್ಲೇ ಹೇಳಬೇಕು. ಆ ಎರಡು ರಾತ್ರಿಯಲ್ಲಿ ಒಬ್ಬ ಕಾನ್‌ಸ್ಟೇಬಲ್ ತಾವು ಮನೆಯಿಂದ ತಂದ ಡಬ್ಬಿಯ ಊಟವನ್ನು ಅವನಿಗೆ ಕೊಟ್ಟರು, ಫೋನ್ ಮಾಡಲು ತಮ್ಮ ಮೊಬೈಲನ್ನೂ ಕೊಟ್ಟರು. ನಾವು ಅವರನ್ನು ಮರೆತಿಲ್ಲ. ನಿಮ್ಮ ಇಲಾಖೆಯಲ್ಲಿ ಅಂಥವರೂ ಇದ್ದಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸಂವಿಧಾನದ 22ನೇ ವಿಧಿ ಏನು ಹೇಳುತ್ತದೆ ಎಂದು ಗೃಹ ಸಚಿವರಿಗೆ ನಾನು ಹೇಳಬೇಕಾಗಿಲ್ಲ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್‌ನಲ್ಲೇ ವಿವರವಾಗಿ ಹೇಳಿದೆ. ಬಂಧನದ ಮೆಮೊ ಆಗಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ತಪಾಸಣೆ ಆಗಬೇಕು. "ವಿಚಾರಣೆಗೆ ಕರೆಸಿದ್ದೇವೆ" ಎಂಬ ಒಂದು ಮಾತಿನಿಂದ ಇದೆಲ್ಲವನ್ನೂ ದಾಟಿಬಿಡಬಹುದು ಎಂದಾದರೆ ಆ ತೀರ್ಪು ಯಾರಿಗಾಗಿ ಬಂತು? ಎದ್ದು ಹೊರಗೆ ಹೋಗುತ್ತೇನೆ ಎಂದರೆ ಹೋಗಲು ಬಿಡದ ಜಾಗಕ್ಕೆ ಏನೆಂದು ಕರೆಯಬೇಕು?

ಇನ್ನು ತೊಗರಿಯ ಮಾತು. ಇದನ್ನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ದಾವೆಯಲ್ಲಿ ಎಲ್ಲರೂ ಹಗುರವಾಗಿ ನೋಡುತ್ತಿರುವುದು ಇದನ್ನೇ.

ತಮ್ಮನನ್ನು ಬಿಟ್ಟರೂ ಚೀಲಗಳನ್ನು ಬಿಡಲಿಲ್ಲ. ಜಪ್ತಿ ಪಂಚನಾಮೆಯಲ್ಲಿ "ಸುಮಾರು ನಲವತ್ತು ಚೀಲ" ಎಂದಷ್ಟೇ ಇದೆ. ತೂಕ ಇಲ್ಲ. ಫೋಟೊ ಇಲ್ಲ. ಆ ಹಂಗಾಮಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 6,300 ರೂಪಾಯಿ ಇತ್ತು. ಚೀಲಕ್ಕೆ ಒಂದು ಕ್ವಿಂಟಲ್ ಎಂದು ಹಿಡಿದರೂ ಎರಡೂವರೆ ಲಕ್ಷ ದಾಟುತ್ತದೆ. ಒಂದು ವರ್ಷದ ದುಡಿಮೆ ಅದು. ಬೀಜ, ಗೊಬ್ಬರ, ಔಷಧಿ, ಕೂಲಿ, ಸೊಸೈಟಿ ಸಾಲ ಎಲ್ಲವೂ ಆ ಚೀಲಗಳಲ್ಲೇ ಇತ್ತು.

ಕೂಡಲೇ ವಕೀಲರನ್ನು ಹಿಡಿದು, ಮಾಲು ನಮಗೆ ಬಿಡಿಸಿಕೊಡಿ ಎಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದೆವು. ಕೋರ್ಟು ಠಾಣೆಯಿಂದ ವರದಿ ಕೇಳಿತು. ವರದಿ ಬರಲಿಲ್ಲ. ತಾರೀಖು ಬಿತ್ತು. ಮತ್ತೆ ಕೇಳಿತು, ಮತ್ತೆ ತಾರೀಖು ಬಿತ್ತು. ಅಷ್ಟರಲ್ಲಿ ಕಳ್ಳತನದ ಕೇಸಿನಲ್ಲಿ ಚಾರ್ಜ್‌ಶೀಟ್ ಬಂತು. ಅದರಲ್ಲಿ ಬೇರೆಯವರ ಹೆಸರುಗಳಿದ್ದವು. ನನ್ನ ತಮ್ಮನ ಹೆಸರೇ ಇರಲಿಲ್ಲ. ಕಳುವಾದ ಮಾಲು ಬೇರೆ ಕಡೆ ಸಿಕ್ಕಿತ್ತು. ಆಮೇಲೆ ನಮ್ಮ ತೊಗರಿಯನ್ನು ನಮಗೆ ಕೊಡಬೇಕೆಂದು ಕೋರ್ಟು ಆದೇಶ ಮಾಡಿತು. ಆ ಹೊತ್ತಿಗೆ ಮಳೆಗಾಲ ಹಿಡಿದಾಗಿತ್ತು.

ಆದೇಶದ ಪ್ರತಿ ಹಿಡಿದು ಅಪ್ಪನ ಜೊತೆ ನಾನೂ ಹೋಗಿದ್ದೆ. ಚೀಲಗಳು ಠಾಣೆಯ ಹಿಂದೆ, ಜಪ್ತಿ ಮಾಡಿದ ಬೈಕುಗಳ ಪಕ್ಕದಲ್ಲಿ, ಮಣ್ಣಿನ ಮೇಲೆಯೇ ಇದ್ದವು. ಮೇಲೆ ಒಂದು ಹರಿದ ತಾಡಪಾಲು. ಕೆಳಗಿನ ಸಾಲಿನ ಚೀಲಗಳ ತಳ ಕೊಳೆತು ನೆಲಕ್ಕೆ ಹತ್ತಿಕೊಂಡಿತ್ತು. ಎತ್ತಲು ಹೋದರೆ ಗೋಣಿ ಹರಿದು ಕೈಗೆ ಬಂತು. ಒಳಗಿನ ಕಾಳು ಕಪ್ಪಾಗಿ ಗಂಟುಗಟ್ಟಿತ್ತು. ಕೆಲವು ಚೀಲಗಳಲ್ಲಿ ಮೊಳಕೆ ಒಡೆದು ಒಣಗಿಹೋಗಿತ್ತು. ಮೇಲಿನ ಸಾಲಿನಲ್ಲಿ ಉಳಿದಿದ್ದ ಕಾಳಿಗೆ ನುಸಿ ಬಿದ್ದು ಪುಡಿ ಉದುರುತ್ತಿತ್ತು. ಎಣಿಸಿದರೆ ನಲವತ್ತು ಇರಲೂ ಇಲ್ಲ. ಅಪ್ಪ ಒಂದು ಮುಷ್ಟಿ ಎತ್ತಿ ಮೂಸಿ ನೋಡಿದರು. "ಸಾಹೇಬ್ರ, ಇದು ನನ್ನ ತೊಗರಿ ಅಲ್ರಿ" ಅಂದರು.

ಆಗ ಒಂದು ಕಾಗದ ಮುಂದೆ ಚಾಚಿದರು. "ನನ್ನ ಮಾಲನ್ನು ಸುಸ್ಥಿತಿಯಲ್ಲಿ, ಯಾವುದೇ ತಕರಾರಿಲ್ಲದೆ ಪಡೆದಿದ್ದೇನೆ" ಎಂದು ಮೊದಲೇ ಬರೆದಿಟ್ಟಿದ್ದರು. ಸಹಿ ಮಾಡಬೇಕಿತ್ತು ಅಷ್ಟೇ. ಅಪ್ಪ ಮಾಡಲಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಸಿಕ್ಕಿದೆ. ಸರ್ಕಾರದ ವೇದಿಕೆಗಳಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ತೊಗರಿ ಬೆಳೆದವನ ಬೆಳೆ ಸರ್ಕಾರದ್ದೇ ಒಂದು ಹಿತ್ತಲಿನಲ್ಲಿ ಹೀಗಾಯಿತು.

ದಾವೆ ಹಾಕುವುದೇ ಬೇಡ, ಪೊಲೀಸರ ಎದುರು ನಿಂತು ಊರಲ್ಲಿ ಬಾಳುವುದು ಹೇಗೆ ಎಂದು ಹೇಳಿದವರು ಬಹಳ ಜನ. ಅಪ್ಪ ಕೇಳಲಿಲ್ಲ. ಬಂಧನ ಲೆಕ್ಕಕ್ಕೇ ಇಲ್ಲ, ತೂಕವೂ ಬರೆದಿಲ್ಲ. ಹಾಗಾಗಿ ಸಾಕ್ಷಿ ಕರೆಸಿ, ಕಾಗದ ತರಿಸಿ, ಬೆಲೆ ಕಟ್ಟಿಸಬೇಕು. ಅದು ಆಗುವುದು ಸಿವಿಲ್ ಕೋರ್ಟಿನಲ್ಲಿ ಎಂದು ವಕೀಲರು ಹೇಳಿದರು. ಆದರೆ ಸರ್ಕಾರದ ಮೇಲೆ ದಾವೆ ಹಾಕುವುದು ಪಕ್ಕದ ಹೊಲದವರ ಮೇಲೆ ಹಾಕಿದ ಹಾಗಲ್ಲ ಎಂದು ಆಗಲೇ ಗೊತ್ತಾಗಿದ್ದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ಏನು ಅನ್ಯಾಯವಾಯಿತು, ಏನು ಪರಿಹಾರ ಬೇಕು ಎಂದು ಅದರಲ್ಲಿ ಬರೆಯಬೇಕು. ಉದ್ದೇಶ ಒಳ್ಳೆಯದೇ. ಸರ್ಕಾರ ಕಡತ ತರಿಸಿ ನೋಡಲಿ, ತಪ್ಪಾಗಿದ್ದರೆ ಸರಿಪಡಿಸಲಿ, ಎರಡೂ ಕಡೆ ಕೋರ್ಟಿನ ಖರ್ಚು ಉಳಿಯಲಿ ಎಂದು ಈ ಕಾಲಾವಕಾಶ. ನಾವು ಸರ್ಕಾರಕ್ಕೂ ಅಧಿಕಾರಿಗಳಿಗೂ ನೋಟಿಸ್ ಕಳಿಸಿದೆವು. ತಲುಪಿದ ಸ್ವೀಕೃತಿ ನಮ್ಮ ಹತ್ತಿರ ಇದೆ. ಎರಡು ತಿಂಗಳು ಕಳೆಯಿತು. ಒಂದು ಸಾಲಿನ ಉತ್ತರವೂ ಬರಲಿಲ್ಲ. "ನೋಡುತ್ತೇವೆ" ಎಂದೂ ಇಲ್ಲ, "ನಿಮ್ಮ ಮಾತು ಸುಳ್ಳು" ಎಂದೂ ಇಲ್ಲ.

ಮಾನ್ಯರೇ, ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಇದೇ ವಿಷಯವನ್ನು ಎತ್ತಿ ಹೇಳಿದೆ. 80ನೇ ಕಲಂ ನೋಟಿಸಿಗೆ ಸರ್ಕಾರಗಳು ಬಹಳಷ್ಟು ಸಲ ಉತ್ತರವನ್ನೇ ಕೊಡುವುದಿಲ್ಲ, ಕೊಟ್ಟರೂ ಹಾರಿಕೆಯ ಉತ್ತರ ಕೊಡುತ್ತವೆ ಎಂದು ಬೇಸರಪಟ್ಟಿದೆ. ಗಡುವಿನೊಳಗೆ, ವಿಷಯ ನೋಡಿ ಉತ್ತರ ಹೋಗುವಂತೆ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ಮೂರು ತಿಂಗಳೊಳಗೆ ನೇಮಿಸಬೇಕು ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ಆಮೇಲೂ ಉತ್ತರ ಹೋಗದಿದ್ದರೆ ಭಾರಿ ದಂಡ ವೆಚ್ಚ ಹಾಕಬಹುದು, ಅದನ್ನು ಆ ಅಧಿಕಾರಿಯಿಂದಲೇ ವಸೂಲು ಮಾಡಿಸಬಹುದು ಎಂದೂ ಹೇಳಿದೆ. ನಮ್ಮ ಜಿಲ್ಲೆಯಲ್ಲಿ ಆ ಅಧಿಕಾರಿ ಯಾರು? ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿದೆ, ಎಸ್‌ಪಿ ಕಚೇರಿಯಲ್ಲೂ ಕೇಳಿದೆ. ಇಂಥವರು ಎಂದು ಹೇಳಬಲ್ಲ ಒಬ್ಬರೂ ಸಿಗಲಿಲ್ಲ.

ದಾವೆ ದಾಖಲಾಯಿತು. ಪಿಎಸ್‌ಐ ಅವರಿಗೆ ಹೋದ ಸಮನ್ಸ್ "ವರ್ಗಾವಣೆ ಆಗಿದ್ದಾರೆ" ಎಂಬ ಷರಾದೊಂದಿಗೆ ವಾಪಸ್ ಬಂತು. ವರ್ಗಾವಣೆ ಮಾಡಿದ್ದು ನಿಮ್ಮ ಇಲಾಖೆ. ಎಲ್ಲಿಗೆ ಎಂದು ನಿಮ್ಮ ಇಲಾಖೆಗೆ ಗೊತ್ತು. ಗೊತ್ತಿಲ್ಲದಿರುವುದು ಹಳ್ಳಿಯ ಒಬ್ಬ ರೈತನಿಗೆ. ಆದರೆ ಹುಡುಕಿ ವಿಳಾಸ ತರಬೇಕಾದವನು ಅವನೇ. ಪ್ರತಿವಾದಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ಬರವಣಿಗೆಯ ಉತ್ತರ ಕೊಡಲು ಕಾನೂನಿನಲ್ಲಿ ಇರುವುದು 30 ದಿನ, ತೀರಾ ಬೇಕಾದರೆ 90 ದಿನ. ಸರ್ಕಾರಿ ವಕೀಲರು ಪ್ರತಿ ಸಲ ಎದ್ದು "ಇಲಾಖೆಯಿಂದ ಪ್ಯಾರಾವಾರು ಉತ್ತರ ಬಂದಿಲ್ಲ" ಎಂದು ಕಾಲಾವಕಾಶ ಕೇಳುತ್ತಾರೆ. ಅವರನ್ನು ದೂರುವುದಿಲ್ಲ. ಠಾಣೆ ಕಾಗದ ಕಳಿಸದಿದ್ದರೆ ಅವರು ಏನನ್ನು ಬರೆಯಬೇಕು?

ಇಷ್ಟೆಲ್ಲ ಆದಮೇಲೆ ಸರ್ಕಾರದ ಕಡೆಯಿಂದ ಕೋರ್ಟಿಗೆ ಮೊದಲ ಕಾಗದ ಬಂತು. ಅದು ಲಿಖಿತ ಹೇಳಿಕೆ ಅಲ್ಲ. ದಾವೆಯನ್ನೇ ತಿರಸ್ಕರಿಸಿ ಎಂಬ ಅರ್ಜಿ. ಕಾರಣ, ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ. ಕರ್ತವ್ಯದ ಹೆಸರಿನಲ್ಲಿ, ಅಥವಾ ಆ ಅಧಿಕಾರವನ್ನು ಮೀರಿ ಪೊಲೀಸರು ಮಾಡಿದ ಕೆಲಸದ ಬಗ್ಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ದಾವೆ ನಡೆಯಬಾರದು ಎನ್ನುತ್ತದೆ ಅದು. ನಾವು ನೋಟಿಸಿನ ಜೊತೆಗೇ ಅನುಮತಿ ಕೋರಿ ನಿಮ್ಮ ಇಲಾಖೆಗೆ ಅರ್ಜಿ ಕಳಿಸಿದ್ದೆವು. ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಈಗ ಅದೇ ಸರ್ಕಾರ ಕೋರ್ಟಿನಲ್ಲಿ ನಿಂತು, ನಮ್ಮ ಅನುಮತಿ ಪಡೆದಿಲ್ಲ, ಇವರನ್ನು ಹೊರಗೆ ಕಳಿಸಿ ಎನ್ನುತ್ತಿದೆ.

ಇದನ್ನು ಓದಿದ ಯಾರಿಗಾದರೂ ಹೊಟ್ಟೆಯಲ್ಲಿ ಸಂಕಟ ಆಗದೆ ಇರುವುದಿಲ್ಲ. ದಾವೆ ಎದುರಿಸಬೇಕಾದವರ ಕೈಯಲ್ಲೇ ದಾವೆಗೆ ಅನುಮತಿ ಕೊಡುವ ಅಧಿಕಾರವೂ ಇದೆ. ಪ್ರಾಮಾಣಿಕವಾಗಿ ಕೆಲಸ ಮಾಡುವ ಪೊಲೀಸರನ್ನು ಸುಳ್ಳು ಕೇಸುಗಳಿಂದ ಕಾಪಾಡಬೇಕು ಎಂಬುದನ್ನು ಒಪ್ಪುತ್ತೇನೆ. ಇದೇ 170ನೇ ಕಲಂ ಬಗ್ಗೆ 2020ರಲ್ಲಿ ದೇವರಾಜ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ಆ ರಕ್ಷಣೆಯನ್ನು ಎತ್ತಿಹಿಡಿದಿದೆ. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಅದು ಅನ್ವಯಿಸುವುದಿಲ್ಲ ಎಂದೂ ಹೇಳಿದೆ. ನಮ್ಮ ಕೇಸು ಯಾವ ಕಡೆಗೆ ಬರುತ್ತದೆ ಎಂದು ನ್ಯಾಯಾಧೀಶರು ನೋಡುತ್ತಾರೆ. ನನ್ನ ಪ್ರಶ್ನೆ ನಿಮಗೆ. ಅನುಮತಿಯ ಅರ್ಜಿ ಬಂದಾಗ ಅದನ್ನು ಓದಿ, ಇಷ್ಟು ದಿನದಲ್ಲಿ, ಈ ಕಾರಣಕ್ಕೆ ಕೊಟ್ಟಿದ್ದೇವೆ ಅಥವಾ ಕೊಟ್ಟಿಲ್ಲ ಎಂದು ಹೇಳುವ ಹೊಣೆ ಇಲಾಖೆಗೆ ಇಲ್ಲವಾ? ಸುಮ್ನೆ ಇಟ್ಟುಕೊಂಡು ಕೂತರೆ ರಕ್ಷಣೆ ಸಿಗುವುದು ತಪ್ಪು ಮಾಡಿದವರಿಗೆ ಮಾತ್ರ ಅಲ್ವಾ?

ಗಡಿಯಾರವೂ ನಮ್ಮ ವಿರುದ್ಧವೇ ಓಡುತ್ತದೆ. ಅಕ್ರಮ ಬಂಧನಕ್ಕೆ ಪರಿಹಾರ ಕೇಳಲು ಕಾಲಮಿತಿ ಕಾಯ್ದೆ ಕೊಡುವುದು ಒಂದೇ ವರ್ಷ. ಬಿಡುಗಡೆಯಾದ ದಿನದಿಂದ ಎಣಿಕೆ ಶುರು. ಅದೇ ಠಾಣೆಯಲ್ಲಿ ತನಿಖೆ ನಡೆಯುತ್ತಿರುವಾಗ, ಮಗನ ಹೆಸರು ಇನ್ನೂ ಕೇಸಿನಿಂದ ಹೊರಗೆ ಬರದಿರುವಾಗ, ಮಾಲು ಅವರ ಕೈಯಲ್ಲೇ ಇರುವಾಗ ಯಾವ ಅಪ್ಪ ಆ ಠಾಣೆಯ ಮೇಲೆ ದಾವೆ ಹಾಕಲು ಧೈರ್ಯ ಮಾಡುತ್ತಾನೆ? ನೋಟಿಸಿನ ಅವಧಿಯನ್ನು ಕಾನೂನು ಬಿಟ್ಟು ಎಣಿಸುತ್ತದೆ, ಹಾಗಾಗಿ ನಾವು ಹೇಗೋ ಗಡುವಿನೊಳಗೆ ಬಂದೆವು. ಎಷ್ಟೋ ಮನೆಗಳವರಿಗೆ ಇಂಥದೊಂದು ಗಡುವು ಇದೆ ಎಂದೇ ಗೊತ್ತಿರುವುದಿಲ್ಲ.

ಠಾಣೆಯ ಕ್ಯಾಮೆರಾದ ವಿಷಯವನ್ನೂ ಹೇಳಿಬಿಡುತ್ತೇನೆ. ಆ ಎರಡು ದಿನದ ದೃಶ್ಯ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬಂತು. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಕಡೇ ಪಕ್ಷ ಒಂದು ವರ್ಷ ಇಡಬೇಕು ಎಂದಿದೆ. ಕೆಟ್ಟರೆ ಯಾವಾಗ ಕೆಟ್ಟಿತು, ಯಾರಿಗೆ ತಿಳಿಸಿದರು, ಯಾವಾಗ ರಿಪೇರಿ ಆಯಿತು ಎಂಬ ದಾಖಲೆ ಇರಬೇಕಲ್ಲ. ಅದನ್ನೂ ಕೊಡಲಿಲ್ಲ.

ಜಪ್ತಿ ಮಾಡಿದ ಮಾಲು ಹಾಳಾದರೆ ಸರ್ಕಾರ ಹೊಣೆಯೇ? ಈ ಪ್ರಶ್ನೆ ಹೊಸದಲ್ಲ. ಅಮೃತಸರದ ಒಬ್ಬ ವ್ಯಾಪಾರಿಯನ್ನು 1947ರಲ್ಲಿ ಮೀರತ್‌ನಲ್ಲಿ ಪೊಲೀಸರು ಹಿಡಿದು, ಅವರ ಹತ್ತಿರ ಇದ್ದ ಬಂಗಾರ, ಬೆಳ್ಳಿಯನ್ನು ಮಾಲಖಾನೆಯಲ್ಲಿ (ಜಪ್ತಿ ಮಾಲು ಇಡುವ ಕೋಣೆಯಲ್ಲಿ) ಇಟ್ಟರು. ಬೆಳ್ಳಿ ವಾಪಸ್ ಬಂತು. ಬಂಗಾರದ ಜೊತೆ ಹೆಡ್ ಕಾನ್‌ಸ್ಟೇಬಲ್ ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಕಸ್ತೂರಿಲಾಲ್ ಪ್ರಕರಣ ಎಂದು ಹೆಸರಾದ ಆ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪೊಲೀಸರ ಈ ಕೆಲಸ ಸಾರ್ವಭೌಮ ಅಧಿಕಾರದ್ದು, ಸರ್ಕಾರ ಹೊಣೆಯಲ್ಲ ಎಂದಿತು. ಹಾಗೆ ಹೇಳುವಾಗಲೂ ಆ ನ್ಯಾಯಮೂರ್ತಿಗಳಿಗೆ ಸಮಾಧಾನ ಇರಲಿಲ್ಲ. ಶಾಸಕಾಂಗ ಇದಕ್ಕೆ ಕಾನೂನು ಮಾಡಬೇಕು ಎಂದು ಬರೆದರು. ಕಾನೂನು ಆಯೋಗ 1956ರಲ್ಲೇ ತನ್ನ ಮೊದಲ ವರದಿಯಲ್ಲಿ ಅದನ್ನೇ ಹೇಳಿತ್ತು. ಅರವತ್ತರ ದಶಕದಲ್ಲಿ ಸಂಸತ್ತಿಗೆ ಮಸೂದೆ ಬಂತು, ಕಾಯ್ದೆಯಾಗದೆ ಬಿದ್ದುಹೋಯಿತು.

ಆಮೇಲೆ ಕೋರ್ಟುಗಳು ಮುಂದೆ ಬಂದಿವೆ. 1977ರಲ್ಲಿ ತೀರ್ಪಾದ ಬಸವ್ವ ಎಂಬ ಹೆಣ್ಣುಮಗಳ ಕೇಸು ನಮ್ಮ ರಾಜ್ಯದ್ದೇ. ಕಳುವಾಗಿ ಸಿಕ್ಕಿದ್ದ ಆಕೆಯ ಒಡವೆಗಳು ಪೊಲೀಸರ ವಶದಲ್ಲಿದ್ದಾಗ ಮತ್ತೆ ಕಾಣೆಯಾದವು. ಅವುಗಳ ಬೆಲೆಯನ್ನು ಸರ್ಕಾರವೇ ಕೊಡಬೇಕು ಎಂದು ಸುಪ್ರೀಂ ಕೋರ್ಟು ಆದೇಶ ಮಾಡಿತು. ನಮ್ಮ ಕಥೆಗೆ ಇನ್ನೂ ಹತ್ತಿರ ಇರುವುದು ಆಂಧ್ರದ ನಾಗೇಂದ್ರ ರಾವ್ ಪ್ರಕರಣ. ಗೊಬ್ಬರ, ಆಹಾರಧಾನ್ಯದ ವ್ಯಾಪಾರಿಯ ದಾಸ್ತಾನನ್ನು 1975ರಲ್ಲಿ ಅಧಿಕಾರಿಗಳು ಜಪ್ತಿ ಮಾಡಿದರು. ಬಿಟ್ಟುಕೊಡಿ ಎಂಬ ಆದೇಶ ಆದಾಗ ಹೋಗಿ ನೋಡಿದರೆ ಮಾಲು ಹಾಳಾಗಿತ್ತು. ಅವರೂ ಅದನ್ನು ತೆಗೆದುಕೊಳ್ಳಲು ಒಪ್ಪದೆ ದಾವೆ ಹಾಕಿದರು. ಅಧಿಕಾರಿಗಳ ನಿರ್ಲಕ್ಷ್ಯಕ್ಕೆ ಸರ್ಕಾರ ಹೊಣೆ ಎಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಪ್ತಿಯಿಂದ ತೀರ್ಪಿನವರೆಗೆ ಹತ್ತೊಂಬತ್ತು ವರ್ಷ. ನನ್ನ ಅಪ್ಪನಿಗೆ ಈಗಲೇ ಅರವತ್ತು ದಾಟಿದೆ.

ಬಂಧನದ ವಿಷಯದಲ್ಲೂ ಹಾಗೆಯೇ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿ ಉಳಿದ ರುದುಲ್ ಸಾಹ್ ಅವರಿಗೆ 1983ರಲ್ಲಿ ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟು, ಇನ್ನೂ ಹೆಚ್ಚಿನದಕ್ಕೆ ಸಿವಿಲ್ ದಾವೆಯ ದಾರಿ ತೆರೆದೇ ಇದೆ ಎಂದಿತು. ಪೊಲೀಸರ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಬತಿ ಬೆಹೆರಾ ಎಂಬ ತಾಯಿ ಬರೆದ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಕಾನೂನು ಇಷ್ಟು ದೂರ ಬಂದಿದೆ. ಜಿಲ್ಲಾ ಕೋರ್ಟಿನ ಮುಂದೆ ನಿಲ್ಲುವ ಸರ್ಕಾರ ಮಾತ್ರ ಏನೂ ಆಗೇ ಇಲ್ಲ ಎಂಬಂತೆ ನಿಲ್ಲುತ್ತದೆ.

ಹೈಕೋರ್ಟ್ ಪೀಠಕ್ಕಾಗಿ ನಮ್ಮ ಭಾಗದ ವಕೀಲರು, ಜನ ಎಷ್ಟು ವರ್ಷ ಹೋರಾಡಿದರು ಎಂದು ನಿಮಗೆ ನೆನಪಿರಬೇಕು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೀದರ್, ಯಾದಗಿರಿಯವರಿಗೂ ಬೆಂಗಳೂರಿನ ದಾರಿ ತಪ್ಪಿತು. ಕೆಳಗಿನ ಕೋರ್ಟಿನಲ್ಲೇ ಮುಗಿಯಬಹುದಾದ ಮಾತನ್ನು ಬರೀ ಮೌನದಿಂದ ಅಲ್ಲಿಯವರೆಗೂ ಎಳೆಯುವುದಾದರೆ ಆ ಹೋರಾಟದ ಫಲ ನಮ್ಮಂಥವರಿಗೆ ಹೇಗೆ ದಕ್ಕಬೇಕು?

ಈಗ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲು, ನಮ್ಮ ದಾವೆಯಲ್ಲಿ ಲಿಖಿತ ಹೇಳಿಕೆ ಹಾಕಿಸಿ. ಅದರಲ್ಲಿ ನೇರ ಉತ್ತರ ಇರಲಿ. ನನ್ನ ತಮ್ಮ ಆ ಎರಡು ರಾತ್ರಿ ಠಾಣೆಯಲ್ಲಿದ್ದನೋ ಇಲ್ಲವೋ? ಇದ್ದರೆ ಠಾಣಾ ದಿನಚರಿಯಲ್ಲಿ ಏನು ಬರೆದಿದೆ? ನಲವತ್ತು ಚೀಲ ತೊಗರಿ ಯಾವ ಸ್ಥಿತಿಯಲ್ಲಿ ಒಳಗೆ ಹೋಯಿತು, ಯಾವ ಸ್ಥಿತಿಯಲ್ಲಿ ಹೊರಗೆ ಬಂತು? ನಾವು ಸುಳ್ಳು ಹೇಳುತ್ತಿದ್ದೇವೆ ಎಂದಾದರೆ ಹಾಗೆಂದು ಬರೆದು ಸಹಿ ಹಾಕಲಿ, ನಾವು ಸಾಕ್ಷಿ ಕೊಡುತ್ತೇವೆ. ನಿಜ ಎಂದಾದರೆ ಬೆಲೆ ಕಟ್ಟಿ ಮುಗಿಸಿ. ಸರ್ಕಾರದ ಮೇಲಿನ ದಾವೆಯಲ್ಲಿ ರಾಜಿಗೆ ನೆರವಾಗುವುದು ಕೋರ್ಟಿನ ಕರ್ತವ್ಯ ಎಂದು ಸಿವಿಲ್ ಸಂಹಿತೆಯಲ್ಲೇ ಇದೆ. ಆದರೆ ಮಾತಾಡುವ ಅಧಿಕಾರ ಇರುವ ಒಬ್ಬ ಅಧಿಕಾರಿಯನ್ನಾದರೂ ನೀವು ಕಳಿಸಬೇಕಲ್ಲ.

170ನೇ ಕಲಂ ಅಡಿ ಬರುವ ಅನುಮತಿ ಅರ್ಜಿಗಳಿಗೆ ಒಂದು ಗಡುವು ಹಾಕಿ, ಕಾರಣ ಬರೆದು ಆದೇಶ ಮಾಡಿಸಿ. ಗಡುವು ಮೀರಿದರೆ ಅನುಮತಿ ಕೊಟ್ಟಂತೆ ಎಂದು ಕಾಯ್ದೆಗೆ ತಿದ್ದುಪಡಿ ತನ್ನಿ. ಪರಿಹಾರದ ದಾವೆಗಳಿಗೆ ಈ ಅನುಮತಿ ಬೇಕೇ ಎಂಬುದನ್ನೂ ವಿಧಾನಮಂಡಲದಲ್ಲಿ ಚರ್ಚೆಗೆ ಇಡಿ. ಇದು ರಾಜ್ಯದ ಕಾಯ್ದೆ, ದೆಹಲಿ ಕಡೆ ನೋಡಬೇಕಾಗಿಲ್ಲ. ಹಾಗೆಯೇ 80ನೇ ಕಲಂ ನೋಟಿಸಿಗೆ ಉತ್ತರ ಕೊಡುವ ಅಧಿಕಾರಿ ಯಾರೆಂದು ಪ್ರತಿ ಜಿಲ್ಲೆಯಲ್ಲೂ ಹೆಸರು, ಹುದ್ದೆ ಸಮೇತ ಎಸ್‌ಪಿ ಕಚೇರಿಯ ಫಲಕದ ಮೇಲೆ ಬರೆಸಿ.

ಜಪ್ತಿಯಾದ ಬೆಳೆಯ ಬಗ್ಗೆ ಠಾಣೆಗಳಿಗೆ ಸ್ಪಷ್ಟ ಸುತ್ತೋಲೆ ಬೇಕು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನಿನ) 497ನೇ ಕಲಂ, ಕೋರ್ಟಿನ ಮುಂದೆ ಬಂದ ಮಾಲಿನ ವಿವರವನ್ನು 14 ದಿನದಲ್ಲಿ ಬರೆಯಬೇಕು, ಫೋಟೊ ಅಥವಾ ವಿಡಿಯೊ ಆಗಬೇಕು, ಆಮೇಲೆ 30 ದಿನದಲ್ಲಿ ವಿಲೇವಾರಿಯ ಆದೇಶ ಆಗಬೇಕು ಎನ್ನುತ್ತದೆ. ಕೋರ್ಟು ಇದನ್ನು ಮಾಡಬೇಕೆಂದರೆ ಠಾಣೆ ಮೊದಲು ಮಾಲನ್ನು ವರದಿ ಮಾಡಬೇಕು. ತೊಗರಿ, ಜೋಳ, ಕಡಲೆ ಏನೇ ಇರಲಿ, ಜಪ್ತಿಯ ದಿನವೇ ಎಪಿಎಂಸಿಯಲ್ಲಿ ತೂಕ ಮಾಡಿಸಿ ಚೀಟಿಯನ್ನು ಪಂಚನಾಮೆಗೆ ಹಚ್ಚಲಿ. ಉಗ್ರಾಣ ನಿಗಮದ ಗೋದಾಮಿನಲ್ಲಿ ಇಡಿಸಲಿ. ಪಹಣಿಯಲ್ಲಿ ಬೆಳೆ ಇದ್ದರೆ ಅದನ್ನು ಓದಿ ನೋಡಲಿ. ರಸೀದಿ ಇಲ್ಲ ಎಂಬ ಒಂದೇ ಕಾರಣಕ್ಕೆ ರೈತನನ್ನು ಕಳ್ಳ ಎಂದು ಕೂರಿಸುವುದು ನಿಲ್ಲಲಿ.

ಕೊನೆಯದಾಗಿ ಹಣದ ಮಾತು. ಕೋರ್ಟು ಪರಿಹಾರ ಕೊಡಿ ಎಂದರೆ ಅದು ಖಜಾನೆಯಿಂದ ಹೋಗುತ್ತದೆ. ಅಂದರೆ ನಮ್ಮ ಊರವರ ತೆರಿಗೆಯಿಂದಲೇ ನಮ್ಮ ತೊಗರಿಯ ಬೆಲೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿಗಳ ತಪ್ಪಿನಿಂದ ಕೊಡಬೇಕಾಗಿ ಬಂದ ಪರಿಹಾರವನ್ನು ಹೊಣೆಗಾರರಿಂದ ವಸೂಲು ಮಾಡಬೇಕು ಎಂದು ಮೂವತ್ತು ವರ್ಷಕ್ಕೂ ಹಿಂದೆ ಹೇಳಿದೆ. ಯಾರ ಮೇಲೂ ಸೇಡು ತೀರಿಸಿಕೊಳ್ಳುವ ಆಸೆ ನಮಗಿಲ್ಲ. ಆದರೆ ಚೀಲಗಳನ್ನು ಮಳೆಯಲ್ಲಿ ಬಿಟ್ಟಿದ್ದು ಯಾರು, ಮೆಮೊ ಬರೆಯದೆ ಹುಡುಗನನ್ನು ಕೂರಿಸಿದ್ದು ಯಾರು ಎಂದು ಇಲಾಖೆ ಒಳಗೆ ವಿಚಾರಣೆ ನಡೆಸಿ, ಅದರ ವರದಿಯನ್ನು ನಮಗೂ ಕೊಡಬೇಕು.

ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲೂ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕಾನೂನು ಸಚಿವರಿಗೆ, ಜಿಲ್ಲಾ ಉಸ್ತುವಾರಿ ಸಚಿವರಿಗೆ, ರಾಜ್ಯ ಪೊಲೀಸ್ ಮಹಾನಿರ್ದೇಶಕರಿಗೆ ಪ್ರತಿ ಹೋಗಿದೆ. ದಾವೆಯ ಸಂಖ್ಯೆ, ನೋಟಿಸಿನ ಪ್ರತಿ ಮತ್ತು ಅದರ ಸ್ವೀಕೃತಿ, ಅನುಮತಿ ಕೋರಿದ ಅರ್ಜಿ, ಮಾಲು ಬಿಡುಗಡೆಯ ಕೋರ್ಟ್ ಆದೇಶ, ಆಸ್ಪತ್ರೆಯ ಚೀಟಿ, ಆ ವರ್ಷದ ಪಹಣಿ ಲಗತ್ತಿಸಿದ್ದೇನೆ. ಠಾಣೆಯ ಹಿತ್ತಲಿನಲ್ಲಿ ತೆಗೆದ ಫೋಟೊಗಳೂ ಇವೆ. ತಮ್ಮನ ಹೆಸರು ಊರೂರು ಸುತ್ತಬಾರದೆಂದು ಇಲ್ಲಿ ನಮ್ಮ ಹೆಸರು ಹಾಕಿಲ್ಲ. ಅಂಚೆಯ ಪ್ರತಿಯಲ್ಲಿ ನನ್ನ ಸಹಿ, ವಿಳಾಸ ಎಲ್ಲ ಇದೆ.

ಮುಂದಿನ ತಾರೀಖಿಗೆ ಸರ್ಕಾರಿ ವಕೀಲರ ಕೈಯಲ್ಲಿ ಲಿಖಿತ ಹೇಳಿಕೆ ಇರುವಂತೆ ನೋಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಉತ್ತರವನ್ನು ನಮ್ಮ ವಕೀಲರ ವಿಳಾಸಕ್ಕೆ ಕಳಿಸಬಹುದು.

ವಂದನೆಗಳೊಂದಿಗೆ,

ಭೀಮಾ ದಂಡೆಯ ಒಂದು ರೈತ ಕುಟುಂಬದ ಮಗಳು
ಕಲಬುರಗಿ